ಮೂರನೆಯ ಸಂದಿನ ಸ್ವರ

ಬೊಲೋನ್ಯ, ಅಕ್ಟೋಬರ್ 6, 1694, ಬುಧವಾರ

ಇವತ್ತು ಮಧ್ಯಾಹ್ನ ಒಬ್ಬ ಪಿಟೀಲಿನವ ಬಂದು ನಮ್ಮ ಅಚ್ಚುಕೂಟದ ಮರ್ಯಾದೆ ಮೂರು ಕಾಸಿಗೆ ಹರಾಜು ಹಾಕಿ ಹೋದ. ಹೊರಗೆ ಕಮಾನಿನ ಕೆಳಗೆ ಓಡಾಡುತ್ತಿದ್ದವರೆಲ್ಲ ನಿಂತು ಕೇಳಿಸಿಕೊಂಡರು. ಎದುರು ಅಂಗಡಿಯ ಚೀಸ್ ಮಾರುವವಳಂತೂ ಕೆಲಸ ಬಿಟ್ಟು ಬಾಗಿಲಿಗೇ ಬಂದಳು.

ಅವನ ಹೆಸರು ತಾದ್ದೆಯೊ ಮಾಲಗೂತಿ. ಇನ್ನೂ ಇಪ್ಪತ್ನಾಲ್ಕು ತುಂಬಿಲ್ಲ. ಆಗಸ್ಟಿನಲ್ಲಿ ಅವನ ಮೊದಲ ಪುಸ್ತಕವನ್ನು ನಾವು ಅಚ್ಚು ಹಾಕಿದೆವು. ಎರಡು ಪಿಟೀಲು ಮತ್ತು ಒಂದು ದೊಡ್ಡ ಪಿಟೀಲಿಗೆಂದು ಬರೆದ ಹನ್ನೆರಡು ಸೊನಾಟಗಳು, ಮನೆಯ ಹಜಾರದಲ್ಲಿ ಕೂತು ಬಾರಿಸುವಂಥವು. ಮೂರು ವಾದ್ಯಕ್ಕೆ ಮೂರು ಬೇರೆ ಬೇರೆ ಪುಸ್ತಕ. ಈಗ ಸಂಗೀತದ ಅಕಾಡೆಮಿಯ ಹಿರಿಯ ದೊನ್ ಕ್ಲೆಮೆಂತೆ ಅದರಲ್ಲಿ ತಪ್ಪು ಹಿಡಿದಿದ್ದಾರೆ. ಒಂಬತ್ತನೆಯ ಸೊನಾಟದ ನಿಧಾನಗತಿಯ ಭಾಗದಲ್ಲಿ, ಹನ್ನೊಂದನೆಯ ಆವರ್ತದಲ್ಲಿ, ಮೊದಲ ಪಿಟೀಲೂ ದೊಡ್ಡ ಪಿಟೀಲೂ ಪಂಚಮದ ಅಂತರದಲ್ಲಿ ಜೋಡಿಯಾಗಿ ನಡೆದುಬಿಟ್ಟಿವೆಯಂತೆ. ಈ ಊರಿನ ಸಂಗೀತಗಾರರಿಗೆ ಅದಕ್ಕಿಂತ ದೊಡ್ಡ ಪಾಪವಿಲ್ಲ. ಪಾಠ ಶುರುಮಾಡಿದ ಮೊದಲ ತಿಂಗಳಲ್ಲೇ ಕಿವಿ ಹಿಂಡಿ ಬಿಡಿಸುವ ತಪ್ಪು ಅದು. ಸಭೆಯಲ್ಲಿ ಎಲ್ಲರೂ ನಕ್ಕರಂತೆ.

ತಾನು ಬರೆದದ್ದು ಅದಲ್ಲ, ತಪ್ಪು ಅಚ್ಚಿನದು ಎಂದು ಅವನ ವಾದ. ಅಣ್ಣ ಆಸ್ಕಾನಿಯೊ, ನೀವು ಕೊಟ್ಟದ್ದನ್ನು ಕೊಟ್ಟ ಹಾಗೆ ಅಚ್ಚು ಹಾಕಿದ್ದೇವೆ ಎಂದ. ಆಗ ಆ ಹುಡುಗನ ಬಾಯಿಂದ ಬಂದ ಮಾತು ಇದು:

"ಮೊಳೆ ಜೋಡ್ಸುವಾಗ ಕೈಗೆಲ್ಲಾ ಹಂದಿ ಕೊಬ್ಬು ಮೆತ್ಕೊಂಡು ಕೂತಿದ್ರೇನ್ರೀ ಯಜಮಾನ್ರೇ? ಕುರುಡನ್ನ ಕೂರ್ಸಿದ್ರೂ ಇದಕ್ಕಿಂತ ಚೆನ್ನಾಗಿ ಜೋಡ್ಸಿರೋನು."

ನಾನು ಅಲ್ಲೇ ಎರಡು ಮಾರು ದೂರದಲ್ಲಿ ಸೀಸದ ಅಚ್ಚುಮೊಳೆಗಳ ಪೆಟ್ಟಿಗೆಯ ಧೂಳು ಒರೆಸುವವಳ ಹಾಗೆ ನಿಂತಿದ್ದೆ. ಮೈಯೆಲ್ಲ ಉರಿದುಹೋಯಿತು. ಜೋಡಿಸಿದ್ದು ಅಣ್ಣನಲ್ಲ, ನಾನು. ಅಪ್ಪನ ಕಾಲದಿಂದಲೂ, ಇಪ್ಪತ್ತಾರು ವರ್ಷ, ಈ ಅಂಗಡಿಯಿಂದ ಹೋದ ಪ್ರತಿ ಸ್ವರವನ್ನೂ ನಾನೇ ಜೋಡಿಸಿದ್ದೇನೆ. ಹೆಂಗಸು ಜೋಡಿಸುತ್ತಾಳೆಂದು ಗೊತ್ತಾದರೆ ಒಬ್ಬನೂ ಹಸ್ತಪ್ರತಿ ಕೊಡುವುದಿಲ್ಲವೆಂದು ಅಪ್ಪ ಹೇಳುತ್ತಿದ್ದ. ಅಣ್ಣನೂ ಅದನ್ನೇ ಹೇಳುತ್ತಾನೆ. ಗಿರಾಕಿಗಳ ಲೆಕ್ಕದಲ್ಲಿ ಚಿನ್ನದಂಥ ಕೈ ಅಣ್ಣನದು.

ನನ್ನ ಕೈಯಲ್ಲಿ ತಪ್ಪೇ? ಬಾಯಿಗೆ ಬಂದದ್ದು ಹೇಳಿ ಹೋದ ಅವನ ನಾಲಿಗೆ ಸೇದಿಹೋಗಲಿ.

ಅಕ್ಟೋಬರ್ 7, ಗುರುವಾರ

ರಾತ್ರಿಯೆಲ್ಲ ಅದೇ ಮಾತು ಕಿವಿಯಲ್ಲಿ. ಕುರುಡನಂತೆ!

ಇವರು ಬರೆಯುವ ಚಂದ ನನಗೆ ಗೊತ್ತಿಲ್ಲವೇ. ಎಣ್ಣೆ ಸವರಿದ ಹಲಗೆಯ ಮೇಲೆ ಮೂರೂ ವಾದ್ಯಗಳ ಸ್ವರವನ್ನು ಒಂದರ ಕೆಳಗೊಂದು ಗೀಚುತ್ತಾರೆ, ಆಮೇಲೆ ಒಂದೊಂದನ್ನೂ ಬೇರೆ ಕಾಗದಕ್ಕೆ ಇಳಿಸಿ, ಒದ್ದೆ ಬಟ್ಟೆಯಿಂದ ಹಲಗೆ ಒರೆಸಿಬಿಡುತ್ತಾರೆ. ಮೂಲ ಕೇಳಿದರೆ ಹಲಗೆ ತೋರಿಸಬೇಕು. ಇನ್ನು ಇವನು ಕೊಟ್ಟ ಕಾಗದ? ಅಚ್ಚಾದ ಮೇಲೆ ಹಸ್ತಪ್ರತಿಯೆಲ್ಲ ರಟ್ಟು ಮಾಡಲು ಬೈಂಡಿನವನ ಗೋಂದಿನ ತೊಟ್ಟಿಗೆ ಹೋಗುವುದು ನಮ್ಮಲ್ಲಿ ಪದ್ಧತಿ. ಅದೂ ಹೋಯಿತೆಂದು ಅಣ್ಣ ಹೇಳಿದ.

ಕರಡಚ್ಚು ನೋಡಬೇಕಾದದ್ದು ಬರೆದವನ ಕೆಲಸ. ಆ ವಾರ ಮಹಾಶಯ ಮೋದೆನದಲ್ಲಿ ಯಾರದೋ ಮದುವೆಗೆ ಬಾರಿಸಲು ಹೋಗಿದ್ದ. ಅಲ್ಲಿ ಗಡದ್ದಾಗಿ ಉಂಡು ಬಂದವನಿಗೆ ಈಗ ಹನ್ನೊಂದನೆಯ ಆವರ್ತ ನೆನಪಾಗಿದೆ.

ಅಕ್ಟೋಬರ್ 14, ಗುರುವಾರ

ಮತ್ತೆ ಬಂದಿದ್ದ. ಈ ಸಲ ಕೂಗಲಿಲ್ಲ. ದೊಡ್ಡ ಚರ್ಚಿನ ವಾದ್ಯವೃಂದದಲ್ಲಿ ಒಂದು ಜಾಗ ಖಾಲಿಯಿದೆ. ಸಂಗೀತಗಾರರನ್ನು ಕಾಯುವ ಸಂತ ಚೆಚಿಲಿಯಾಳ ಹಬ್ಬದ ದಿನ, ನವೆಂಬರ್ ಇಪ್ಪತ್ತೆರಡಕ್ಕೆ, ಹೆಸರು ಹೇಳುತ್ತಾರೆ. ಅಕಾಡೆಮಿಯ ಮುದ್ರೆಯಿಲ್ಲದವನನ್ನು ಅವರು ಒಳಗೇ ಬಿಡುವುದಿಲ್ಲ. ಈ ತಪ್ಪು ಅವನದೆಂದೇ ನಿಂತರೆ ಅಕಾಡೆಮಿ ಅವನ ಹೆಸರು ಹೊಡೆದುಹಾಕುತ್ತದೆ. ಅಲ್ಲಿಗೆ ಅವನು ಹುಟ್ಟಿದ ಚೆಂತೊ ಊರಿಗೆ ವಾಪಸು, ಸೆಣಬು ಬೆಳೆಯುವವರ ಕುಣಿತಕ್ಕೆ ಬಾರಿಸಿಕೊಂಡಿರಬೇಕು.

ತಪ್ಪು ಅಚ್ಚಿನದೆಂದು ಎರಡು ಸಾಲು ಬರೆದುಕೊಡಿ ಎಂದು ಅಣ್ಣನನ್ನು ಬೇಡಿಕೊಂಡ. ಅಣ್ಣ ಜಪ್ಪಯ್ಯ ಎನ್ನಲಿಲ್ಲ. ಅಕಾಡೆಮಿಯ ವರ್ಷದ ಸಂಗ್ರಹ ಅಚ್ಚು ಹಾಕುವವರು ನಾವು. ತಪ್ಪು ಒಪ್ಪಿಕೊಂಡರೆ ಆ ಕೆಲಸ ಬೇರೆಯವರ ಪಾಲು.

ಹೋಗುವಾಗ ನನ್ನ ಕಡೆ ತಿರುಗಿದ. "ಅಮ್ಮಾ, ನೀವಾದ್ರೂ ನನ್ನ ಹಸ್ತಪ್ರತಿ ಎಲ್ಲಾದ್ರೂ ನೋಡಿದ್ರಾ?" ಎಂದ.

ಅಮ್ಮನಂತೆ! ನನಗೆ ನಲವತ್ತು. ಕಸ ಗುಡಿಸುವವಳಿಗೆ ಎಲ್ಲ ಕಾಗದವೂ ಒಂದೇ ಎಂದು ಹೇಳಿ ಕಳಿಸಿದೆ. ಅದಕ್ಕವನು ತಲೆಬಾಗಿ ಕ್ಷಮೆ ಕೇಳಿ ಹೋದ. ಅದು ಇನ್ನೂ ಸಿಟ್ಟು ತರಿಸಿತು.

ಅಕ್ಟೋಬರ್ 19, ಮಂಗಳವಾರ

ತಪ್ಪು ಅವನದೇ ಎಂದು ತೋರಿಸಿಯೇ ತೀರುತ್ತೇನೆ. ಅದಕ್ಕೆಂದು ಇವತ್ತು ಮೂರೂ ಪುಸ್ತಕ ತೆರೆದಿಟ್ಟುಕೊಂಡು, ಅವರು ಮಾಡುವ ಹಾಗೆಯೇ ಒಂದರ ಕೆಳಗೊಂದು ಸ್ವರ ಇಳಿಸಿದೆ. ಈ ಕೆಲಸ ನಾನು ಹುಟ್ಟಿದಾಗಿನಿಂದ ಮಾಡಿಲ್ಲ. ಮೊದಲ ಪಿಟೀಲಿನ ಪುಸ್ತಕ ಜೋಡಿಸಿ, ಅಚ್ಚಾದ ಮೇಲೆ ಮೊಳೆ ಬಿಡಿಸಿ ಖಾನೆಗೆ ಹಾಕಿ, ಆಮೇಲೆ ಎರಡನೆಯದಕ್ಕೆ ಕೈ ಹಾಕುತ್ತೇನೆ. ಒಂದೇ ಮನೆಯಲ್ಲಿದ್ದೂ ಮಾತು ಬಿಟ್ಟವರ ಹಾಗೆ ಅವು ನನ್ನ ಕೈಯಿಂದ ಹೋಗಿವೆ. ನನಗೆ ಸ್ವರವೆಂದರೆ ಸೀಸ.

ತಪ್ಪು ಇದ್ದದ್ದು ನಿಜ. ಹನ್ನೊಂದನೆಯ ಆವರ್ತದಲ್ಲಿ ಪಂಚಮದ ಜೋಡಿ ಎದ್ದು ಕಾಣುತ್ತದೆ. ಸಂತೋಷವಾಯಿತು.

ಆದರೆ ಇನ್ನೊಂದು ಕಂಡಿತು. ಅದೇ ಸಾಲು ಮೂರನೆಯ ಆವರ್ತದಲ್ಲೂ ಹತ್ತೊಂಬತ್ತನೆಯದರಲ್ಲೂ ಬರುತ್ತದೆ. ಆ ಎರಡು ಕಡೆಯೂ ಮೊದಲ ಪಿಟೀಲು ಒಮ್ಮೆಗೇ ಕೆಳಕ್ಕೆ ಧುಮುಕುತ್ತದೆ, ಐದು ಗೆರೆಗಳ ನಡುವೆ ಕೆಳಗಿನಿಂದ ಎಣಿಸಿದರೆ ಎರಡನೆಯ ಸಂದಿನ ಸ್ವರಕ್ಕೆ. ಹನ್ನೊಂದರಲ್ಲಿ ಮಾತ್ರ ಮೂರನೆಯ ಸಂದಿಗೆ ಮೆಲ್ಲಗೆ ಒಂದು ಹೆಜ್ಜೆ ಇಳಿದು ನಿಲ್ಲುತ್ತದೆ. ಯಾಕೆ ಹಾಗೆ ಬರೆದನೋ ಏನೋ. ಇಂಥವರ ತಲೆಯಲ್ಲಿ ಒಂದು ನಿಮಿಷ ಇದ್ದದ್ದು ಇನ್ನೊಂದು ನಿಮಿಷ ಇರುವುದಿಲ್ಲ.

ಅಕ್ಟೋಬರ್ 24, ಭಾನುವಾರ

ನಮ್ಮ ಅಚ್ಚುಯಂತ್ರದ ಹಿಡಿಕೆ ಎಳೆಯುವ ಬಿಯಾಜೊ ಮದುವೆಮನೆಗಳಲ್ಲಿ ದೊಡ್ಡ ಪಿಟೀಲು ಬಾರಿಸುತ್ತಾನೆ. ಇವತ್ತು ಪ್ರಾರ್ಥನೆ ಮುಗಿದ ಮೇಲೆ ಆ ಹುಡುಗ ಇನ್ನೊಬ್ಬ ಪಿಟೀಲಿನವನನ್ನು ಕರೆದುಕೊಂಡು ಬಾರಿಸಲು ಬಿಯಾಜೊನ ಮನೆಗೆ ಬರುತ್ತಾನೆಂದು ಗೊತ್ತಾಯಿತು. ಅವನ ಸುಳ್ಳು ಅವನೆದುರೇ ಹಿಡಿಯೋಣವೆಂದು ನಾನೂ ಹೋದೆ. ಬಿಯಾಜೊ ನನ್ನನ್ನು ಕಂಡು, ಇವತ್ತು ಯಾವ ಕಡೆ ಸೂರ್ಯ ಹುಟ್ಟಿದ ಎಂದು ಕೀಟಲೆ ಮಾಡಿದ. ಇಪ್ಪತ್ತು ವರ್ಷದಿಂದ ಕರೆಯುತ್ತಿದ್ದಾನೆ, ಹೋದದ್ದು ಇದೇ ಮೊದಲು.

ಮೊದಲು ಅಚ್ಚಿನಲ್ಲಿದ್ದ ಹಾಗೆ ಬಾರಿಸಿದರು. ಚೆನ್ನಾಗಿಯೇ ಇತ್ತು. ಆಮೇಲೆ, ತಾನು ಬರೆದದ್ದು ಹೀಗೆ ಎಂದು ಇನ್ನೊಮ್ಮೆ ಬಾರಿಸಿದ. ಹನ್ನೊಂದನೆಯ ಆವರ್ತದಲ್ಲಿ ಅವನ ಪಿಟೀಲು ಕೆಳಕ್ಕೆ ಧುಮುಕಿತು, ಬಿಯಾಜೊನ ವಾದ್ಯ ಕೆಳಗಿನಿಂದ ಬಂದು ಅದನ್ನು ಹಿಡಿದುಕೊಂಡಿತು. ನನ್ನ ಕಣ್ಣಲ್ಲಿ ನೀರು ಬಂತು. ಆ ಮನೆಯಲ್ಲಿ ವಿಪರೀತ ಹೊಗೆ. ಬಿಯಾಜೊನ ಹೆಂಡತಿಗೆ ಕಟ್ಟಿಗೆ ಒಣಗಿಸಿಡುವ ಬುದ್ಧಿಯಿಲ್ಲ.

ಇನ್ನೊಂದು ಸಲ ಬಾರಿಸಿ ಎಂದೆ, ಎರಡಕ್ಕೂ ಇರುವ ವ್ಯತ್ಯಾಸ ಖಚಿತ ಮಾಡಿಕೊಳ್ಳಲಿಕ್ಕೆ. ಮೂರು ಸಲ ಬಾರಿಸಿದರು.

ಅಕ್ಟೋಬರ್ 28, ಗುರುವಾರ

ಕೆಲಸ ಮಾಡುವಾಗ ನಾನು ಗುನುಗುತ್ತೇನೆಂದು ಬಿಯಾಜೊ ಮೊನ್ನೆ ಎಲ್ಲರೆದುರು ಹೇಳಿದ. ಶುದ್ಧ ಸುಳ್ಳು. ಎರಡು ದಿನದಿಂದ ಅವನನ್ನು ಮಾತಾಡಿಸಿಲ್ಲ.

ನವೆಂಬರ್ 3, ಬುಧವಾರ

ಏನು ಬರೆಯಲಿ.

ಬೆಳಿಗ್ಗೆ ಯಾವುದೋ ಸ್ತೋತ್ರದ ಪುಟ ಬಿಡಿಸುತ್ತ ಮೊಳೆಗಳನ್ನು ಖಾನೆಗೆ ಹಾಕುತ್ತಿದ್ದೆ. ಎರಡನೆಯ ಸಂದಿನ ಸ್ವರದ ಮೊಳೆ ಕೈಗೆ ಬಂತು. ಈ ಮೊಳೆಗಳನ್ನು ಅಪ್ಪನೇ ಎರಕ ಹೊಯ್ದದ್ದು. ಸೀಸ ಉಳಿಸುವ ಆಸೆಯಿಂದ ಒಂದೇ ಮೊಳೆ ಎರಡು ಸ್ವರಕ್ಕೆ ಆಗುವ ಹಾಗೆ ಮಾಡಿದ್ದ. ಐದು ಗೆರೆಯ ತುಂಡೂ ಸ್ವರವೂ ಒಂದೇ ಮೊಳೆಯ ಮುಖದಲ್ಲಿವೆ, ಮೈಮೇಲೊಂದು ಕಚ್ಚು ಇದೆ. ಕಚ್ಚು ನನ್ನ ಕಡೆ ಇದ್ದರೆ ಎರಡನೆಯ ಸಂದಿನ ಸ್ವರ, ಬಾಲ ಮೇಲಕ್ಕೆ. ತಿರುಗಿಸಿ ಇಟ್ಟರೆ ಮೂರನೆಯ ಸಂದಿನ ಸ್ವರ, ಬಾಲ ಕೆಳಕ್ಕೆ. ನಾನು ನೋಡಿ ಇಡುವವಳಲ್ಲ, ಹೆಬ್ಬೆರಳಿಗೆ ಕಚ್ಚು ತಾಗುವುದರ ಮೇಲೆಯೇ ಇಡುತ್ತೇನೆ. ಅದು ನನ್ನ ಹೆಮ್ಮೆ.

ಅಕ್ಷರ ತಲೆಕೆಳಗಾದರೆ ದಾರಿಹೋಕನಿಗೂ ಕಾಣುತ್ತದೆ. ಸ್ವರ ತಲೆಕೆಳಗಾದರೆ ಯಾರಿಗೂ ಕಾಣುವುದಿಲ್ಲ. ಅದು ತಪ್ಪಿನ ಹಾಗೆ ಕಾಣದೆ ಇನ್ನೊಂದು ಸ್ವರವಾಗಿ ಕೂತಿರುತ್ತದೆ. ಎರಡನೆಯ ಸಂದಿನದು ಮೂರನೆಯ ಸಂದಿಗೆ. ಸರಿಯಾಗಿ ಹನ್ನೊಂದನೆಯ ಆವರ್ತದಲ್ಲಿ ಆದ ಹಾಗೆ.

ಆಗಿರಬಹುದು, ಅಷ್ಟೇ. ಆಗಿದೆ ಎಂದಲ್ಲ. ಆಗಸ್ಟಿನ ಸೆಕೆಯಲ್ಲಿ ಹೆಬ್ಬೆರಳು ಬೆವರಿತ್ತೋ ಏನೋ. ಆದರೂ ಸೀಸ ಉಳಿಸಲು ಹೋದ ಅಪ್ಪನ ಮೇಲೆ ಇಷ್ಟು ಸಿಟ್ಟು ನನಗೆ ಎಂದೂ ಬಂದಿರಲಿಲ್ಲ.

ನವೆಂಬರ್ 8, ಸೋಮವಾರ

ಬೆಳಿಗ್ಗೆ ಬೈಂಡಿನವನ ಹತ್ತಿರ ಹೋಗಿದ್ದೆ. ಮಾಲಗೂತಿಯ ಹಸ್ತಪ್ರತಿ ತನಗೆ ಬಂದೇ ಇಲ್ಲವೆಂದ. ಅಲ್ಲಿಂದ ನೇರ ಬಂದು, ಅಣ್ಣ ಊಟಕ್ಕೆ ಹೋದ ಹೊತ್ತಿನಲ್ಲಿ, ಅವನು ಪರವಾನಗಿ ಕಾಗದಗಳನ್ನಿಡುವ ಪೆಟ್ಟಿಗೆ ತೆಗೆದೆ. ಕೀಲಿ ಎಲ್ಲಿರುತ್ತದೆಂದು ನನಗೆ ಗೊತ್ತು. ಹಸ್ತಪ್ರತಿ ಪೆಟ್ಟಿಗೆಯ ತಳದಲ್ಲಿತ್ತು.

ಒಂಬತ್ತನೆಯ ಸೊನಾಟ, ಹನ್ನೊಂದನೆಯ ಆವರ್ತ. ಎರಡನೆಯ ಸಂದು. ದುಂಡಗೆ, ಸ್ಪಷ್ಟವಾಗಿ, ಮಗುವಿಗೂ ಓದಲು ಬರುವ ಹಾಗೆ ಬರೆದಿದ್ದ. ಅದರ ಪಕ್ಕದಲ್ಲಿ ನನ್ನದೇ ಹೆಬ್ಬೆರಳಿನ ಮಸಿ ಗುರುತು.

ತಪ್ಪು ನನ್ನದು. ನನ್ನದು, ನನ್ನದು.

ಅಣ್ಣ ಬಂದ. ಕೇಳಿದೆ. ಒಂದಿಷ್ಟೂ ನಾಚಿಕೆಯಿಲ್ಲದೆ, ಆ ಹುಡುಗ ಬಂದು ಕೂಗಾಡಿದ ದಿನವೇ ತೆಗೆದು ನೋಡಿದ್ದೆನೆಂದ. ಹಾಗಾದರೆ ಅವತ್ತೇ ಸುಡದೆ ಯಾಕೆ ಇಟ್ಟುಕೊಂಡಿದ್ದೆ ಎಂದೆ.

"ನಿಂಗೋಸ್ಕರ ಕಣೇ. ನನ್ನ ಕೈ ನನ್ನ ಕೈ ಅಂತ ಹಾರಾಡ್ತೀಯಲ್ಲ ಪೆಲ್ಲೆಗ್ರೀನ, ಇನ್ನೊಂದ್ಸಲ ಬಾಯಿ ಬಿಟ್ರೆ ಮುಖಕ್ಕೆ ಹಿಡಿಯೋಣ ಅಂತ ಇಟ್ಕೊಂಡಿದ್ದೆ."

ಅಕಾಡೆಮಿಗೆ ಹೋಗಿ ತೋರಿಸೋಣ ಎಂದೆ. ಅವನು ನಕ್ಕ. ಹುಡುಗನಿಗೆ ವಯಸ್ಸಿದೆ, ಎಲ್ಲಿ ಬೇಕಾದರೂ ಬದುಕಿಕೊಳ್ಳುತ್ತಾನೆ, ನಾವು ಎಲ್ಲಿಗೆ ಹೋಗೋಣ ಎಂದ. ನನ್ನ ಕೈಯಿಂದ ಹಾಳೆ ಕಿತ್ತು ಒಲೆಗೆ ಹಾಕಿದ. ತೆಗೆಯಲು ಹೋಗಿ ಎರಡು ಬೆರಳು ಸುಟ್ಟುಕೊಂಡೆ. ಕೈಗೆ ಬಂದದ್ದು ಬೂದಿ ಮಾತ್ರ.

ಹಾಳಾಗಿ ಹೋಗಲಿ ಅವನು. ಒಡಹುಟ್ಟಿದವನೆಂದು ಇಷ್ಟು ವರ್ಷ ಅವನ ಹೆಸರಿಗೆ ನನ್ನ ಕೈ ಸವೆಸಿದೆನಲ್ಲ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ನವೆಂಬರ್ 11, ಸಂತ ಮಾರ್ತಿನೊನ ಹಬ್ಬ

ಎಲ್ಲರ ಮನೆಯಲ್ಲೂ ಹೊಸ ದ್ರಾಕ್ಷಾರಸ. ನಾನು ಮುಟ್ಟಲಿಲ್ಲ. ಆಸ್ಕಾನಿಯೊನ ಜೊತೆ ಮಾತಿಲ್ಲ.

ನವೆಂಬರ್ 13, ಶನಿವಾರ

ತಾದ್ದೆಯೊನಿಗೆ ಹೇಳಿಬಿಟ್ಟೆ. ಕಾಲುವೆಯ ಹತ್ತಿರ ಕಮಾನಿನ ಕೆಳಗೆ ನಿಲ್ಲಿಸಿಕೊಂಡು, ಜೋಡಿಸಿದ್ದು ನಾನು, ಮೊಳೆ ತಿರುಗಿಸಿ ಇಟ್ಟದ್ದು ನಾನು, ನಿನ್ನ ಹಾಳೆ ಸುಟ್ಟುಹೋಗಿದೆ ಎಂದೆ. ಬೈಯುತ್ತಾನೆಂದು ಮೈ ಗಟ್ಟಿ ಮಾಡಿಕೊಂಡು ನಿಂತಿದ್ದೆ.

ಅವನು ಹೋಗಿ ಗೋಡೆಗೆ ಒರಗಿದ. ಆಮೇಲೆ ಹೇಳಿದ: "ಐದು ವಾರ ಆಯ್ತು. ಎಲ್ರೂ ಹೇಳಿ ಹೇಳಿ, ನಾನೇ ಹಾಗ್ ಬರ್ದಿದ್ನೇನೋ ಅಂತ ನಂಬಕ್ಕೆ ಶುರು ಮಾಡಿದ್ದೆ. ಮೊನ್ನೆಯಿಂದ ಪಿಟೀಲು ಮುಟ್ಟಿಲ್ಲ. ಮುಟ್ಟಿದ್ರೆ ಇನ್ನೇನ್ ತಪ್ಪಿರುತ್ತೋ ಅಂತ ಭಯ."

ಅವನು ನನ್ನ ಕೆನ್ನೆಗೆ ಹೊಡೆದಿದ್ದರೆ ವಾಸಿಯಿತ್ತು. ಆಮೇಲೆ ಅವನಿಗೂ ಸಿಟ್ಟು ಬಂತು. ನೀವು ಹೇಳಿದರೆ ನಂಬುವವರು ಯಾರು, ಕಾಗದವಿಲ್ಲ, ಹಲಗೆಯಿಲ್ಲ, ಹೆಂಗಸಿನ ಬಾಯಿಮಾತು ಎಂದು ಕೂಗಿದ. ನಾನೂ ಕೂಗಿದೆ. ನನ್ನ ಬಾಯಿಮಾತು ಬೇಡ, ನನ್ನ ಕೈ ನೋಡಲಿ ಎಂದೆ.

ನವೆಂಬರ್ 18, ಗುರುವಾರ

ಬಿಯಾಜೊನ ಹೆಗಲ ಮೇಲೆ ಮೊಳೆಯ ಪೆಟ್ಟಿಗೆ ಹೊರಿಸಿಕೊಂಡು ಅಕಾಡೆಮಿಯ ಸಭೆಗೆ ಹೋದೆ. ಬಾಗಿಲಲ್ಲಿ ತಡೆದರು. ಹೆಂಗಸರು ಒಳಗೆ ಬರುವ ಪದ್ಧತಿಯಿಲ್ಲವಂತೆ. ಹಾಗಾದರೆ ಬಾಗಿಲಲ್ಲೇ ಕೂಗಿ ಹೇಳುತ್ತೇನೆ, ಬೀದಿಯೆಲ್ಲ ಕೇಳಲಿ ಎಂದೆ. ದೊನ್ ಕ್ಲೆಮೆಂತೆಯೇ ಎದ್ದು, ಬಿಡಿ ಬಿಡಿ ಎಂದರು.

ಜೋಡಿಸಿದವಳು ನಾನೇ ಎಂದು ಹೇಳಿ, ಎರಡನೆಯ ಸಂದಿನ ಮೊಳೆ ತೆಗೆದು, ಮಸಿ ಹಚ್ಚಿ, ಅವರ ಮುಂದಿದ್ದ ಕಾಗದಕ್ಕೆ ಒತ್ತಿದೆ. ಅದೇ ಮೊಳೆಯನ್ನು ತಿರುಗಿಸಿ ಪಕ್ಕದಲ್ಲೇ ಒತ್ತಿದೆ. ಎರಡೂ ಸ್ವರ ಒಪ್ಪವಾಗಿ ಬಂದವು. ಆಮೇಲೆ ಹಿಂದಿನ ಸಾಲಿನಲ್ಲಿ ಒಬ್ಬ, ಇದು ಅಂಗಡಿಯವರು ಹುಡುಗನ ಜೊತೆ ಸೇರಿ ಹೂಡಿದ ಆಟ, ಇವಳಿಗೆ ಮೊಳೆ ಜೋಡಿಸಲು ಬರುತ್ತದೆಂದು ಹೇಗೆ ನಂಬುವುದು ಎಂದ. ಒಂಬತ್ತನೆಯ ಸೊನಾಟದ ಆ ಸಾಲನ್ನು ಅಲ್ಲೇ ಜೋಡಿಸಿದೆ. ಹಾಳೆ ನೋಡಲಿಲ್ಲ, ಪೆಟ್ಟಿಗೆ ನೋಡಲಿಲ್ಲ. ದೊನ್ ಕ್ಲೆಮೆಂತೆಯ ಮುಖವನ್ನೇ ನೋಡುತ್ತ ಜೋಡಿಸಿದೆ. ಸುಟ್ಟ ಬೆರಳು ಉರಿಯುತ್ತಿತ್ತು. ಸಾಲು ಮನಸ್ಸಿನಲ್ಲಿತ್ತು, ಕೈ ಅದರ ಹಿಂದೆ ಹೋಯಿತು.

"ಎಷ್ಟು ದಿನದಿಂದ ಈ ಕೆಲಸ ಮಾಡ್ತಿದೀಯಮ್ಮ?" ಎಂದು ಕೇಳಿದರು.

"ಇಪ್ಪತ್ತಾರು ವರ್ಷ, ಸ್ವಾಮಿ. ನಿಮ್ಮ ಎರಡು ಪುಸ್ತಕಾನೂ ನಾನೇ ಜೋಡ್ಸಿದ್ದು."

ಅವರ ಕಿವಿ ಕೆಂಪಗಾಯಿತು. ತಾದ್ದೆಯೊನ ಮೇಲಿನ ಆರೋಪ ಬಿದ್ದುಹೋಯಿತು. ಅವನು ಬಾಗಿಲ ಹತ್ತಿರ ನಿಂತಿದ್ದವನು ಮುಖ ಮುಚ್ಚಿಕೊಂಡು ಅತ್ತ.

ಇಲ್ಲಿಗೆ ಮುಗಿದಿದ್ದರೆ ಇವತ್ತು ನಾನು ನೆಮ್ಮದಿಯಿಂದ ಮಲಗುತ್ತಿದ್ದೆ. ಗುಮಾಸ್ತ ದೊಡ್ಡ ಪುಸ್ತಕ ತೆಗೆದು ನಿರ್ಣಯ ಬರೆಯತೊಡಗಿದ. ನಾನು ಮೇಜಿನ ಈಚೆ ನಿಂತಿದ್ದೆ. ತಲೆಕೆಳಗಾದ ಬರಹ ಓದುವುದು ನಮ್ಮ ಕಸುಬು. ಅವನು ಬರೆದದ್ದು ಹೀಗಿತ್ತು: ಅಚ್ಚುಗಾರ ಆಸ್ಕಾನಿಯೊನ ಕೈತಪ್ಪಿನಿಂದ.

ಅವನಲ್ಲ, ನಾನು ಎಂದೆ. ದೊನ್ ಕ್ಲೆಮೆಂತೆ ಬಹಳ ಮೃದುವಾಗಿ ಹೇಳಿದರು: "ಇದು ಸಂಗೀತಗಾರರ ಪುಸ್ತಕ ತಾಯಿ. ಇದ್ರಲ್ಲಿ ಹೆಂಗಸರ ಹೆಸರು ಬರಿಯಲ್ಲ. ನಿನ್ನ ಮಾನಕ್ಕೂ ಅದೇ ಒಳ್ಳೇದು."

ನಾನು ಮಾಡಿದ ಒಳ್ಳೆಯ ಕೆಲಸವೆಲ್ಲ ಅವನ ಹೆಸರಿಗೆ ಹೋಯಿತು, ಹೋಗಲಿ ಎಂದು ಬಿಟ್ಟಿದ್ದೆ. ಈಗ ತಪ್ಪನ್ನೂ ಅವನಿಗೇ ಕೊಟ್ಟರು. ಕೈ ಸುಟ್ಟುಕೊಂಡು ಒಪ್ಪಿಕೊಂಡ ತಪ್ಪು. ದಾರಿಯುದ್ದಕ್ಕೂ ಬಿಯಾಜೊ ಏನೋ ಸಮಾಧಾನ ಹೇಳುತ್ತಿದ್ದ. ಒಂದೂ ತಲೆಗೆ ಹೋಗಲಿಲ್ಲ.

ನವೆಂಬರ್ 20, ಶನಿವಾರ

ಮಾರಾಟವಾದ ಪುಸ್ತಕಗಳಿಗೂ ಉಳಿದವಕ್ಕೂ ಅಂಟಿಸಲು ತಿದ್ದುಪಡಿ ಚೀಟಿ ಅಚ್ಚು ಹಾಕಬೇಕೆಂದು ಅಕಾಡೆಮಿಯ ಅಪ್ಪಣೆ. ಬೆಳಿಗ್ಗೆಯೇ ಜೋಡಿಸಲು ಕೂತೆ.

ಮುಗಿಯುವಷ್ಟರಲ್ಲಿ ಆಸ್ಕಾನಿಯೊ ಬಂದು, ಬಗ್ಗಿ ಓದಿ, ಕೊನೆಯ ಸಾಲು ತೆಗೆ ಎಂದ. ತೆಗೆಯುವುದಿಲ್ಲ ಎಂದೆ. ಅಂಗಡಿ ಯಾರದು ಎಂದು ಕೇಳಿದ. ನಿನ್ನದೇ, ಹಾಗಾದರೆ ನೀನೇ ಜೋಡಿಸು ಎಂದು ಎದ್ದು ನಿಂತು ಜಾಗ ಬಿಟ್ಟುಕೊಟ್ಟೆ. ಕೂತ. ಅಕ್ಷರದ ಖಾನೆಗಳಲ್ಲಿ ತಡಕಾಡಿದ. ನಾಲ್ಕು ಮೊಳೆ ಇಟ್ಟ, ಎರಡು ತಿರುಗುಮುರುಗು. ಬಿಯಾಜೊ ಅಚ್ಚುಯಂತ್ರದ ಹಿಡಿಕೆ ಹಿಡಿದು ಕಾಯುತ್ತ ನಿಂತಿದ್ದ. ನಾನೂ ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಆಸ್ಕಾನಿಯೊ ಎದ್ದು ಟೋಪಿ ಹಾಕಿಕೊಂಡು ಹೊರಗೆ ಹೋದ.

ಚೀಟಿ ಹೀಗಿದೆ:

*ಒಂಬತ್ತನೆಯ ಸೊನಾಟ, ಮೊದಲ ಪಿಟೀಲು, ಹನ್ನೊಂದನೆಯ ಆವರ್ತ. ಮೂರನೆಯ ಸಂದಿನ ಸ್ವರವನ್ನು ಎರಡನೆಯ ಸಂದಿನಲ್ಲಿ ಓದಿಕೊಳ್ಳುವುದು. ಬರೆದವರು ಸರಿಯಾಗಿಯೇ ಬರೆದಿದ್ದರು. ತಪ್ಪು ಜೋಡಿಸಿದವಳದು: ಪೆಲ್ಲೆಗ್ರೀನ.*

ಎಷ್ಟು ಪ್ರತಿ ಎಂದು ಬಿಯಾಜೊ ಕೇಳಿದ. ಮುನ್ನೂರು ಎಂದೆ.

ಚರ್ಚಿನ ಕರ್ದಿನಾಲರ ಹೆಸರು, ದೊರೆಗಳ ಹೆಸರು, ಊರಿನ ಎಲ್ಲ ಪಿಟೀಲಿನವರ ಹೆಸರು ಕಣ್ಣು ಮುಚ್ಚಿ ಜೋಡಿಸಿದವಳು ನಾನು. ಈ ಹೆಸರಿಗೆ ಕೈ ಒಗ್ಗಿಯೇ ಇರಲಿಲ್ಲ. ಎರಡು ಸಲ ತಪ್ಪಿತು, ಮೂರನೆಯ ಸಲ ಸರಿಯಾಗಿ ಕೂತಿತು.